ಬಿಸಿಯಿರುವಾಗ ಅಳೆಯಬಾರದು

ದಾದರ್, ಬೊಂಬಾಯಿ
9 ಫೆಬ್ರವರಿ 1986

ಅಪ್ಪನವರಿಗೆ,

ನೀವಿಬ್ಬರೂ ರೈಲು ಹತ್ತಿ ಹೋದ ಮೇಲೂ ಎರಡು ದಿನ ಹಾಸ್ಟೆಲಿನ ಕೋಣೆಯಲ್ಲಿ ಸಾರಿನ ಪುಡಿಯ ವಾಸನೆ ಹಾಗೇ ಇತ್ತು. ಅಮ್ಮ ಕೊಟ್ಟು ಹೋದ ಡಬ್ಬ ಪಕ್ಕದ ಮಂಚದ ಮಲಯಾಳಿ ನರ್ಸಿಗೂ ಹಿಡಿಸಿಬಿಟ್ಟಿದೆ. ಹೆಚ್ಚು ದಿನ ಬರುವುದಿಲ್ಲ.

ನನ್ನ ಕೆಲಸ ಏನೆಂದು ತಮ್ಮ ವೆಂಕಟೇಶ ಕೇಳಿದನೆಂದು ಹೇಳಿದಿರಿ. ಆಸ್ಪತ್ರೆಯಲ್ಲಿ ನಿಮಗೆ ವಿವರಿಸಿದಾಗ ತಲೆಯಾಡಿಸಿದಿರಿ, ಆದರೆ ಕಣ್ಣು ಅಮ್ಮನ ಮೇಲೆಯೇ ಇತ್ತು. ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಅದು ಅಲ್ಟ್ರಾಸೌಂಡ್ ಮೆಷಿನ್ನು. ನಾನು ಕೈಯಲ್ಲಿ ಹಿಡಿದಿದ್ದೆನಲ್ಲ, ಆ ಹಿಡಿಯಿಂದ ಕಿವಿಗೆ ಕೇಳದಂಥ ಸದ್ದು ಎದೆಯೊಳಗೆ ಹೋಗುತ್ತದೆ. ಹೃದಯದ ಗೋಡೆಗೆ ತಗುಲಿ ವಾಪಸು ಬಂದ ಸದ್ದು ಟೀವಿಯ ಮೇಲೆ ಚಿತ್ರವಾಗುತ್ತದೆ. ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದು, ಬೇಕಾದ ಕಡೆ ನಿಲ್ಲಿಸಿ, ಟೀವಿಯ ಗಾಜಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಗೋಡೆಯ ಒಳಗೆರೆ ಹೊರಗೆರೆ ಎಳೆಯುವುದು ನನ್ನ ಕೆಲಸ. ಹೃದಯ ಸಡಿಲವಾಗಿದ್ದಾಗ ಒಂದು ಸಲ, ಹಿಂಡಿಕೊಂಡಾಗ ಒಂದು ಸಲ. ಹಿಂಡಿಕೊಂಡಾಗ ಗೋಡೆ ದಪ್ಪವಾಗಬೇಕು. ಹತ್ತು ಮಿಲಿಮೀಟರ್ ಇದ್ದದ್ದು ಹದಿನಾಲ್ಕು ಆದರೆ ಸರಿ. ರಕ್ತ ಸಾಲದೆ ಇರುವ ಜಾಗದಲ್ಲಿ ಮಾತ್ರ ಗೋಡೆ ದಪ್ಪವಾಗುವುದಿಲ್ಲ. ಉಳಿದದ್ದೆಲ್ಲ ದುಡಿಯುತ್ತಿರುವಾಗ ಅದೊಂದು ತುಂಡು ಸುಮ್ಮನೆ ನಿಂತಿರುತ್ತದೆ. ಕೊಯ್ಯದೆ, ಚುಚ್ಚದೆ ಅದನ್ನು ಕಂಡುಹಿಡಿಯಬಹುದೇ ಎಂಬುದು ನಮ್ಮ ಡಾಕ್ಟರ ಸಂಶೋಧನೆ.

ರೋಗಿಯ ಗೋಡೆ ಎಷ್ಟು ಕಡಿಮೆ ಎನ್ನಬೇಕಾದರೆ ರೋಗವಿಲ್ಲದವರದ್ದು ಎಷ್ಟೆಂದು ಮೊದಲು ಗೊತ್ತಿರಬೇಕಲ್ಲ. ಅದಕ್ಕೇ ಮೂವತ್ತು ಜನ ಆರೋಗ್ಯವಂತರ ಪಟ್ಟಿ ಮಾಡುತ್ತಿದ್ದೇವೆ. ನೀವು ಹದಿನಾರನೆಯವರು, ಅಮ್ಮ ಹದಿನೇಳು. 'ನಮ್ಮಮ್ಮ ಒಂದು ದಿನಾನೂ ಕಾಯಿಲೆ ಅಂತ ಮಲಗಿದವಳಲ್ಲ' ಎಂದು ನಾನು ಡಾಕ್ಟರ ಮುಂದೆ ಜಂಬ ಕೊಚ್ಚಿಕೊಂಡದ್ದನ್ನು ನೀವೂ ಕೇಳಿದಿರಿ.

ಹಾಗೆ ಕೊಚ್ಚಿಕೊಂಡದ್ದಕ್ಕೆ ಮೊದಲ ಚಿತ್ರ ನನ್ನ ಮಾನ ಕಳೆಯುವುದರಲ್ಲಿತ್ತು. ಲಿಫ್ಟು ರೋಗಿಗಳಿಗೆ ಮಾತ್ರ ಎಂದು ಅಮ್ಮ ಮೂರು ಮಹಡಿ ಹತ್ತಿ ಬಂದು, ಬಂದವಳೇ ಮಲಗಿದಳು. ಹೃದಯದ ಕೆಳಗೋಡೆ ಹತ್ತಕ್ಕೆ ಹನ್ನೊಂದೂ ಆಗಲಿಲ್ಲ. ಹಿಡಿ ಓರೆಯಾಯಿತೇನೋ ಎಂದು ನಾನು ಒದ್ದಾಡುತ್ತಿದ್ದಾಗ ನೀವು ಹೇಳಿದ ಮಾತನ್ನು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. 'ಬಿಸಿ ಪೀಸ್ ಅಳೀಬಾರದು ಕಣಮ್ಮ, ಆರಕ್ಕೆ ಬಿಡು.' ಲೇತಿನಿಂದ ಆಗತಾನೇ ಇಳಿಸಿದ ಕಬ್ಬಿಣ ಬಿಸಿಗೆ ಹಿಗ್ಗಿರುತ್ತದೆ, ತಣ್ಣಗಾದ ಮೇಲೆ ಅಳೆದದ್ದೇ ನಿಜವಾದ ಅಳತೆ ಎಂದು ಚಿಕ್ಕಂದಿನಲ್ಲಿ ನೀವೇ ನನಗೆ ಮೈಕ್ರೋಮೀಟರ್ ಹಿಡಿಸಿ ಹೇಳಿಕೊಟ್ಟಿದ್ದಿರಿ. ಡಾಕ್ಟರು ನಕ್ಕರು, ನಿಮ್ಮಪ್ಪ ಸರಿಯಾಗಿ ಹೇಳುತ್ತಾರೆ ಎಂದರು. ಅಮ್ಮನಿಗೆ ಚಹಾ ಕುಡಿಸಿ, ಅರ್ಧ ಗಂಟೆ ಬಿಟ್ಟು ತೆಗೆದಾಗ ಹದಿನಾಲ್ಕು ಬಂತು. ಪುಸ್ತಕದಲ್ಲಿ ಅಚ್ಚು ಹಾಕಿಸಬಹುದಾದಂಥ ಚಿತ್ರ. ಮೊದಲನೆಯದನ್ನು ಬಿಟ್ಟು ಇದನ್ನು ಬರೆದುಕೊಂಡೆ.

ಅಮ್ಮನಿಗೆ ಹೇಳಿ, ಅವಳ ಹೃದಯಕ್ಕೆ ನೂರಕ್ಕೆ ನೂರು.

ನಿಮ್ಮ
ಗಿರಿಜಾ


ರಾಜಾಜಿನಗರ, ಬೆಂಗಳೂರು-10
2 ಮಾರ್ಚ್ 1986

ಮಗಳು ಗಿರಿಜೆಗೆ,

ನಿನ್ನ ಕಾಗದವನ್ನು ನಿನ್ನಮ್ಮನಿಗೆ ಎರಡು ಸಲ ಓದಿ ಹೇಳಿದೆ. ನೂರಕ್ಕೆ ನೂರು ಎಂಬಲ್ಲಿ ಮೂರು ಸಲ. ನಾನು ಹದಿನಾರನೆಯವನು, ನನಗೆ ಎಷ್ಟು ಬಂತೆಂದು ನೀನು ಬರೆಯಲಿಲ್ಲ. ಇರಲಿ, ಗಂಡಸರ ಹೃದಯ ಯಾರಿಗೆ ಬೇಕು.

ಇಲ್ಲಿ ಈಗ ನಮ್ಮ ಮನೆಯ ಯಜಮಾನಿ ಊರಿಗೆಲ್ಲ ದೊಡ್ಡ ಮನುಷ್ಯಳಾಗಿದ್ದಾಳೆ. 'ನನ್ ಹೃದಯ ಟೀವೀಲಿ ಬಂತು' ಎಂದು ಬೀದಿಗೆಲ್ಲ ಸಾರಿಕೊಂಡು ಬರುತ್ತಿದ್ದಾಳೆ. ಇದರಿಂದ ಕಷ್ಟಕ್ಕೆ ಬಂದವನು ನಾನು. ಹೇಗೆಂದರೆ ಕೇಳು. ಇಪ್ಪತ್ತೆರಡು ವರ್ಷದಿಂದ ಹನ್ನೆರಡು ಗಂಟೆಗೆ ಮನೆ ಬಿಟ್ಟು ಹನ್ನೆರಡೂ ಇಪ್ಪತ್ತಕ್ಕೆ ಫ್ಯಾಕ್ಟರಿ ಗೇಟಿನಲ್ಲಿ ಕ್ಯಾರಿಯರ್ ಹಿಡಿದು ನಿಂತಿರುತ್ತಿದ್ದಳು. ಹನ್ನೆರಡೂವರೆಗೆ ಸೈರನ್ ಆದರೆ ನಾನು ಮುಚ್ಚಳ ತೆಗೆದಾಗ ಮುದ್ದೆಯಿಂದ ಹಬೆ ಬರುತ್ತಿತ್ತು. ಅಳತೆ ನೋಡುವ ನಮ್ಮ ಗೇಜ್ ರೂಮಿನವರೆಲ್ಲ ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಈಗ ಬೊಂಬಾಯಿಂದ ಬಂದ ಮೇಲೆ ಸೈರನ್ ಆಗಿ ಐದು ನಿಮಿಷಕ್ಕೆ ಬರುತ್ತಾಳೆ, ಮುದ್ದೆ ಆರಿ ಕಲ್ಲಾಗಿರುತ್ತದೆ. ಕಾರಣ ಕೇಳಿದರೆ, 'ಗುರುಬಸಪ್ಪನೋರ ಮನೆ ಗೇಟತ್ರ ಮಾತಾಡ್ತಾ ನಿಂತ್ಕೊಂಡೆ' ಅನ್ನುತ್ತಾಳೆ. ಮಾರನೇ ದಿನ ಇನ್ನೊಂದು ಗೇಟು. ಮದುವೆಯಾದ ಹೊಸದರಲ್ಲಿ ಬಾಯಿಂದ ಒಂದು ಮಾತು ಹೊರಡಿಸಲು ನಾನು ಹೆಣಗಾಡಬೇಕಾಗಿತ್ತು. ಈ ವಯಸ್ಸಿನಲ್ಲಿ ಮಾತು ಕಲಿತಿದ್ದಾಳೆ.

ವೆಂಕಟೇಶನಿಗೆ ಎರಡನೇ ಶಿಫ್ಟು ಹಾಕಿದ್ದಾರೆ. ಮುಖ ಊದಿಸಿಕೊಂಡು ಓಡಾಡುತ್ತಾನೆ. ಬಿಸಿಲು ಶುರುವಾಗಿದೆ. ನಲ್ಲಿ ಒಂದು ದಿನ ಬಿಟ್ಟು ಒಂದು ದಿನ.

ನಿನ್ನ ಅಪ್ಪ
ನಾರಾಯಣಪ್ಪ


ದಾದರ್, ಬೊಂಬಾಯಿ
20 ಏಪ್ರಿಲ್ 1986

ಅಪ್ಪನವರಿಗೆ,

ಕಾಗದ ಬರೆಯಲು ತಡವಾಯಿತು, ಬೈಯಬೇಡಿ. ಮೂವತ್ತು ಜನರದ್ದೂ ಮುಗಿಯಿತು, ಈಗ ರೋಗಿಗಳದ್ದು. ದಿನಕ್ಕೆ ನಾಲ್ಕು ಜನ, ಒಬ್ಬೊಬ್ಬರಿಗೆ ಹನ್ನೆರಡು ಗೆರೆ. ಸಂಜೆ ಕಣ್ಣು ಮುಚ್ಚಿದರೂ ಬೂದು ಬಣ್ಣದ ಗೋಡೆಗಳೇ ಕಾಣುತ್ತವೆ. ನಿಮಗೆ ಹದಿಮೂರೂವರೆ ಬಂದಿದೆ. ಅಮ್ಮನಿಗಿಂತ ಅರ್ಧ ಕಡಿಮೆ, ಅದಕ್ಕೇ ಬರೆದಿರಲಿಲ್ಲ.

ಅಮ್ಮನನ್ನು ಗೇಟಿನ ಹತ್ತಿರ ಮಾತಾಡಲು ಬಿಡಿ. ಬೆಳಗಾಗೆದ್ದು ದುಡಿಯುವುದು ಬಿಟ್ಟರೆ ಅವಳಿಗೆ ಇನ್ನೇನಿದೆ? ನೀವು ಒಂದು ದಿನ ಆರಿದ ಮುದ್ದೆ ತಿಂದರೆ ಗಂಟೇನೂ ಹೋಗುವುದಿಲ್ಲ. ಯುಗಾದಿಗೆ ಬರಲಿಲ್ಲವೆಂದು ಅವಳು ಬೇಜಾರು ಮಾಡಿಕೊಂಡಿಲ್ಲ ತಾನೇ? ದಸರಾಕ್ಕೆ ಖಂಡಿತ ಬರುತ್ತೇನೆ ಎಂದು ಹೇಳಿ.

ನಿಮ್ಮ
ಗಿರಿಜಾ


ರಾಜಾಜಿನಗರ, ಬೆಂಗಳೂರು-10
15 ಜೂನ್ 1986

ಮಗಳು ಗಿರಿಜೆಗೆ,

ನೀನು ತಾಯಿಯ ಪರ ವಕಾಲತ್ತು ವಹಿಸಿ ಬರೆದ ಕಾಗದ ತಲುಪಿತು. ಆಮೇಲೆ ನಾನು ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಹೋದ ವಾರ ಮುಚ್ಚಿಕೊಂಡಿರಲು ಆಗಲಿಲ್ಲ. ಸೈರನ್ ಆಗಿ ಇಪ್ಪತ್ತು ನಿಮಿಷಕ್ಕೆ ಬಂದಳು. ನನಗೆ ಇರುವುದು ಅರ್ಧ ಗಂಟೆ ಬಿಡುವು. ಫ್ಯಾಕ್ಟರಿ ಗೇಟಿನಲ್ಲೇ, ವಾಚ್‌ಮನ್ ಮುಂದೆಯೇ ಕೂಗಾಡಿಬಿಟ್ಟೆ. ಮುಖ ಸಣ್ಣದು ಮಾಡಿಕೊಂಡು, 'ನಾಳೆಯಿಂದ ಬೇಗ ಹೊರಡ್ತೀನಿ ಬಿಡಿ' ಅಂದಳು. ಈಗ ಹನ್ನೊಂದಕ್ಕೇ ಮನೆ ಬಿಡುತ್ತಾಳಂತೆ. ಒಂದೂಕಾಲು ಮೈಲಿಗೆ ಒಂದೂವರೆ ಗಂಟೆ. ಎಷ್ಟು ಗೇಟುಗಳಿವೆಯೋ ದೇವರಿಗೇ ಗೊತ್ತು. ಮುದ್ದೆಯಂತೂ ಆರಿದ್ದು ಆರಿದ್ದೇ.

ಹೋದ ತಿಂಗಳು ಎಡಗಡೆ ದವಡೆ ನೋವು ಅಂದಳು. ಹಲ್ಲಿನ ಡಾಕ್ಟರು ಒಂದು ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಇನ್ನೊಂದನ್ನು ಕೀಳಬೇಕಾಗಬಹುದು ಎಂದಿದ್ದಾರೆ. ಹಲ್ಲು ನೋವು ನಡೆಯುವಾಗ ಮಾತ್ರ ಬರುತ್ತದೆ ಎಂದು ಇವಳ ಹಟ. ಡಾಕ್ಟರೇ ನಕ್ಕುಬಿಟ್ಟರು.

ಬೇರೆ ವಿಶೇಷವಿಲ್ಲ. ಬೈದದ್ದಕ್ಕೆ ನನಗೂ ಬೇಜಾರಾಯಿತು. ಆದರೆ ಅವಳ ಹತ್ತಿರ ಅದನ್ನು ಹೇಳಿಲ್ಲ.

ನಿನ್ನ ಅಪ್ಪ
ನಾರಾಯಣಪ್ಪ


ರಾಜಾಜಿನಗರ, ಬೆಂಗಳೂರು-10
10 ಜುಲೈ 1986

ಗಿರಿಜಾ, ನಾನು ಪಕ್ಕದ ಮನೆಯ ಯಶೋದಮ್ಮ ಬರೆಯುತ್ತಿರುವುದು. ನಿಮ್ಮ ತಾಯಿ ಎದುರಿಗೆ ಕೂತು ಹೇಳುತ್ತಿದ್ದಾರೆ. ನಾನು ಹೇಳಿದ ಹಾಗೇ ಬರಿ, ಪುಸ್ತಕದ ಮಾತು ಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಇನ್ನು ಮುಂದೆ ಅವರ ಮಾತು.

ಗಿರಿಜಾ, ಚೆನ್ನಾಗಿದೀಯೇನೇ. ನಿಮ್ಮಪ್ಪ ಕೆಲಸಕ್ಕೆ ಹೋಗವ್ರೆ. ಅವ್ರಿಗೆ ಗೊತ್ತಾಗ್ದಂಗೆ ಬರಿಸ್ತಾ ಇದೀನಿ, ನೀನೂ ಅವ್ರಿಗೆ ಬರೀಬೇಡ. ಏನಿಲ್ಲ, ನಡ್ಯೋವಾಗ ಎದೆ ಮೇಲೆ ಯಾರೋ ಕಾಲಿಟ್ಟು ಒತ್ತಿದಂಗಾಗ್ತದೆ. ಎಡದ ಕೈ ಜೋಮು ಹಿಡೀತದೆ, ದವಡೆ ಸೆಳೀತದೆ. ಸ್ವಲ್ಪ ನಿಂತ್ಕೊಂಡ್ರೆ ಹೊಂಟೋಗ್ತದೆ. ಮನೇಲಿ ಕೂತಿದ್ರೆ ಏನೂ ಇಲ್ಲ, ಕಲ್ಲು ಗುಂಡು ಇದ್ದಂಗೆ ಇದೀನಿ. ಹಂಗಾಗಿ ಯಾರಿಗೂ ಹೇಳಿಲ್ಲ. ಹೇಳಿದ್ರೆ ಕ್ಯಾರಿಯರ್ ತರಬೇಡ ಅಂತಾರೆ, ಕ್ಯಾಂಟೀನ್ ಅನ್ನ ತಿಂದು ಅವ್ರಿಗೆ ಹೊಟ್ಟೆ ಕೆಡ್ತದೆ.

ನೀನು ಆವತ್ತು ನೋಡಿದ್ಯಲ್ಲ ಟೀವೀಲಿ, ಅದ್ರಲ್ಲಿ ಏನಾದ್ರೂ ಕಂಡಿತ್ತಾ ಅಂತ ಕೇಳಕ್ಕೆ ಬರಿಸ್ದೆ. ಆವತ್ತು ನಿಮ್ಮ ಮೆಟ್ಟಿಲು ಹತ್ತೋವಾಗ್ಲೂ ಹಿಂಗೇ ಆಗಿತ್ತು. ನೀನು ಡಾಕ್ಟ್ರ ಮುಂದೆ ನಮ್ಮಮ್ಮಂಗೆ ಕಾಯಿಲೇನೇ ಇಲ್ಲ ಅಂತ ಅಷ್ಟು ಖುಷಿಯಾಗಿ ಹೇಳ್ತಾ ಇದ್ದೆ, ನಂಗೆ ಬಾಯಿ ಬರಲಿಲ್ಲ. ಆಮೇಲೆ ನೀನೇ ನೂರಕ್ಕೆ ನೂರು ಅಂದ್ಯಲ್ಲ. ಅದನ್ನ ನೆನೆಸ್ಕೊಂಡ್ರೆ ಧೈರ್ಯ ಬರ್ತದೆ. ಆದ್ರೂ ಒಂದ್ ಮಾತು ಬರಿ.

ಇಷ್ಟೇ ಅಂತೆ, ಗಿರಿಜಾ. ನನಗೆ ಕಂಡಂತೆ ಮುಖ ಸ್ವಲ್ಪ ಇಳಿದಿದೆ. ಉತ್ತರವನ್ನು ನನ್ನ ಹೆಸರಿಗೆ ಬರೆ.

ಚಿಕ್ಕಲಕ್ಷ್ಮಮ್ಮನವರ ಪರವಾಗಿ
ಯಶೋದಮ್ಮ


ದಾದರ್, ಬೊಂಬಾಯಿ
20 ಜುಲೈ 1986

ಯಶೋದಮ್ಮ ಆಂಟಿ, ದಯವಿಟ್ಟು ಇದನ್ನು ಅಮ್ಮನಿಗೆ ಓದಿ ಹೇಳಿ.

ಅಮ್ಮ, ಸುಮ್ಮಸುಮ್ಮನೆ ಗಾಬರಿ ಮಾಡಿಕೊಳ್ಳಬೇಡ. ನಿನ್ನ ಹೃದಯವನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಗೆರೆ ಎಳೆದಿದ್ದೇನೆ. ಎಷ್ಟೋ ಡಾಕ್ಟರುಗಳಿಗೆ ಇಲ್ಲದಂಥ ಗೋಡೆ ನಿನಗಿದೆ. ಹೃದಯದ್ದಾಗಿದ್ದರೆ ಅಷ್ಟು ಚೆನ್ನಾಗಿ ಹಿಂಡಿಕೊಳ್ಳುತ್ತಲೇ ಇರಲಿಲ್ಲ. ಇದು ಗ್ಯಾಸು. ನೀನು ಹೊತ್ತಿಗೆ ಸರಿಯಾಗಿ ತಿನ್ನುವುದಿಲ್ಲ, ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ತಿನ್ನುತ್ತೀಯ. ಊಟವಾದ ಮೇಲೆ ಓಮದ ನೀರು ಕುಡಿ. ನಡೆಯುವುದು ಒಳ್ಳೆಯದೇ, ನಿಲ್ಲಿಸಬೇಡ.

ಕೆಲಸ ತುಂಬ ಇದೆ. ಹೆಚ್ಚು ಬರೆಯಲಾಗುತ್ತಿಲ್ಲ.

ನಿನ್ನ
ಗಿರಿಜಾ


ದಾದರ್, ಬೊಂಬಾಯಿ
28 ಆಗಸ್ಟ್ 1986

ಅಪ್ಪ, ಈ ಕಾಗದ ಕೈಗೆ ಬಂದ ಕೂಡಲೇ ಅಮ್ಮ ನಡೆಯುವುದನ್ನು ನಿಲ್ಲಿಸಿ. ಕ್ಯಾರಿಯರ್ ಬೇಡ, ನೀರು ಹೊರುವುದು ಬೇಡ. ಮಿಕ್ಕದ್ದನ್ನು ಆಮೇಲೆ ಓದಿ.

ಈ ಸೋಮವಾರದಿಂದ ಡಾಕ್ಟರು ಹೊಸ ಕ್ರಮ ಹಿಡಿದಿದ್ದಾರೆ. ರೋಗಿಯನ್ನು ಆರಾಮವಾಗಿ ಮಲಗಿಸಿ ಅಳೆದರೆ ಎಷ್ಟೋ ಜನರದ್ದು ಸರಿಯಾಗಿಯೇ ಕಾಣುತ್ತದೆ, ಮೆಟ್ಟಿಲು ಹತ್ತಿಸಿ ಏದುಸಿರು ಬಿಡುತ್ತಿರುವಾಗಲೇ ಅಳೆಯಬೇಕು ಎಂದು. ನಿನ್ನೆ ಒಬ್ಬ ಗುಜರಾತಿ ಅಂಗಡಿಯವರು ಬಂದಿದ್ದರು. ಮಲಗಿದ್ದಾಗ ಹತ್ತಕ್ಕೆ ಹದಿನಾಲ್ಕು. ಮೂರು ಮಹಡಿ ಹತ್ತಿಸಿ ಮಲಗಿಸಿದಾಗ ಕೆಳಗೋಡೆ ಕದಲದೆ ನಿಂತುಬಿಟ್ಟಿತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಹದಿನಾಲ್ಕು. ಇದೇ ಕಾಯಿಲೆ, ರಕ್ತನಾಳ ಕಟ್ಟಿಕೊಳ್ಳುತ್ತಿದೆ, ಸುಮ್ಮನಿದ್ದಾಗ ಸಾಲುವ ರಕ್ತ ಶ್ರಮ ಮಾಡಿದಾಗ ಸಾಲುವುದಿಲ್ಲ ಎಂದು ಡಾಕ್ಟರು ಎಲ್ಲರಿಗೂ ತೋರಿಸುತ್ತಿದ್ದರು. ನಾನು ಹಿಡಿ ಹಿಡಿದುಕೊಂಡು ನಿಂತೇ ಇದ್ದೆ. ಈ ಚಿತ್ರವನ್ನು ನಾನು ಮೊದಲೇ ನೋಡಿದ್ದೆ.

ಫೆಬ್ರವರಿಯ ಕ್ಯಾಸೆಟ್ಟು ಹುಡುಕಿದೆ. ಬಿಟ್ಟುಬಿಟ್ಟ ಮೊದಲ ಚಿತ್ರ ಅದರಲ್ಲಿ ಹಾಗೇ ಇತ್ತು. ಹಿಡಿ ಓರೆಯಾಗಿರಲಿಲ್ಲ ಅಪ್ಪ. ಅಮ್ಮನ ಕೆಳಗೋಡೆ ಆವತ್ತೇ ನಿಂತಿತ್ತು. ನಿಜ ಕಣ್ಣ ಮುಂದೆ ಇದ್ದಾಗ, ಬಿಸಿ ಪೀಸ್ ಅಳೀಬಾರದು ಎಂದು ನಾವೇ ಚಹಾ ಕುಡಿಸಿ ಅದು ಹೋಗುವ ತನಕ ಕಾದೆವು.

ಅಮ್ಮ ಜುಲೈನಲ್ಲಿ ಯಶೋದಮ್ಮನವರ ಕೈಯಲ್ಲಿ ನನಗೆ ಕಾಗದ ಬರೆಸಿದ್ದಳು, ನಿಮಗೆ ಗೊತ್ತಿಲ್ಲ. ಎದೆ ಒತ್ತುತ್ತದೆ ಎಂದಿದ್ದಳು. ನಾನು ಗ್ಯಾಸು ಎಂದು ಬರೆದೆ. ನಡೆಯುವುದು ಒಳ್ಳೆಯದು ಎಂದೂ ಬರೆದೆ.

ಔಷಧ ಇದೆ. ನಾಲಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಇದೆ, ಆಪರೇಷನ್ನೂ ಇದೆ. ಅವಳನ್ನು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಒಳಗೆ ಇಟ್ಟಿರುವ ಇಂಗ್ಲಿಷ್ ಚೀಟಿಯನ್ನು ಹೃದಯದ ಡಾಕ್ಟರಿಗೆ ಕೊಡಿ. ಫ್ಯಾಕ್ಟರಿಗೆ ಟ್ರಂಕ್ ಕಾಲ್ ಹಾಕಿದ್ದೆ, ಎರಡು ಗಂಟೆ ಕಾದರೂ ಲೈನು ಸಿಗಲಿಲ್ಲ. ತಂತಿ ಕೊಡಲು ಪೋಸ್ಟಾಫೀಸಿನ ಬಾಗಿಲ ತನಕ ಹೋಗಿ ವಾಪಸು ಬಂದೆ. ನಮ್ಮ ಬೀದಿಗೆ ತಂತಿ ಬಂದರೆ ಯಾರೋ ಸತ್ತರೆಂದೇ ಲೆಕ್ಕ. ನೀವಿಲ್ಲದ ಹೊತ್ತಿನಲ್ಲಿ ಅಮ್ಮ ಅದನ್ನು ಕೈಗೆ ತೆಗೆದುಕೊಂಡರೆ ಆ ಗಾಬರಿಗೇ ಏನಾದರೂ ಆದೀತೆಂದು ಹೆದರಿ ಎಕ್ಸ್‌ಪ್ರೆಸ್ ಕಾಗದವೇ ಇರಲಿ ಎಂದುಕೊಂಡೆ. ಬುಧವಾರದ ರೈಲಿಗೆ ನಾನೂ ಹೊರಡುತ್ತೇನೆ.

ಗಿರಿಜಾ


ದಾದರ್, ಬೊಂಬಾಯಿ
12 ಅಕ್ಟೋಬರ್ 1986

ಅಪ್ಪನವರಿಗೆ,

ಅಮ್ಮ ಹೋಗಿ ನಲವತ್ತಮೂರು ದಿನವಾಯಿತು. ಶನಿವಾರ ಸಂಜೆ ವೆಂಕಟೇಶ ಕೊಟ್ಟ ತಂತಿ ಹಾಸ್ಟೆಲಿಗೆ ಬಂದಾಗ ನಾನು ಒಡೆಯದೆ ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದೆ. ಸೋಮವಾರ ನಾನು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದಿರಿ. ಕ್ಯಾರಿಯರ್ ಹಿಡಿದುಕೊಂಡೇ ದಾರಿಯಲ್ಲಿ ಕುಸಿದಳಂತೆ ಎಂದು ವೆಂಕಟೇಶ ಹೇಳಿದ. ಹನ್ನೊಂದು ದಿನ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಕಾಫಿ ಬೇಕಾ, ಬೇಡವಾ ಎಂಬುದು ಬಿಟ್ಟು ಬೇರೆ ಮಾತೇ ಆಡಲಿಲ್ಲ.

ಹೊರಡುವ ದಿನ ಯಶೋದಮ್ಮ ನನ್ನ ಜುಲೈ ತಿಂಗಳ ಕಾಗದವನ್ನು ವಾಪಸು ಕೊಟ್ಟರು. ಅಮ್ಮ ಅದನ್ನು ರವಿಕೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳಂತೆ. ಎದೆ ಒತ್ತಿದಾಗೆಲ್ಲ, 'ನಮ್ ಗಿರಿಜಾ ನೋಡವಳೆ, ಏನೂ ಇಲ್ಲ ಅಂದವಳೆ' ಎಂದು ಹೇಳಿಕೊಳ್ಳುತ್ತಿದ್ದಳಂತೆ. ಫೆಬ್ರವರಿಯಿಂದ ಆಗಸ್ಟಿನ ತನಕ ಆರು ತಿಂಗಳಿತ್ತು ಅಪ್ಪ. ಏನೂ ತಿಳಿಯದ ಮಗಳಾಗಿದ್ದಿದ್ದರೆ ಬೀದಿಯ ಡಾಕ್ಟರಿಗಾದರೂ ತೋರಿಸು ಎನ್ನುತ್ತಿದ್ದೆ. ಅವಳು ಹೆದರಿಕೊಳ್ಳಬೇಕಾಗಿತ್ತು, ಹೆದರದ ಹಾಗೆ ಮಾಡಿದವಳು ನಾನು.

ಹದಿನೇಳನೆಯದನ್ನು ಆರೋಗ್ಯವಂತರ ಪಟ್ಟಿಯಿಂದ ತೆಗೆಯಬೇಕೆಂದು ಡಾಕ್ಟರನ್ನು ಕೇಳಿದೆ. ಅವರು ಒಳ್ಳೆಯವರು, ಕುರ್ಚಿ ಎಳೆದು ಕೂರಿಸಿಯೇ ಮಾತಾಡಿದರು. ಪಟ್ಟಿಯಿಂದ ತೆಗೆಯುತ್ತಾರೆ. ಆದರೆ ಒಬ್ಬರದೇ ಹೃದಯದ ಗೋಡೆ ಅರ್ಧ ಗಂಟೆಯೊಳಗೆ ನಿಂತದ್ದೂ ಚೇತರಿಸಿಕೊಂಡದ್ದೂ ಇಷ್ಟು ಸ್ಪಷ್ಟವಾಗಿ ಇರುವ ಚಿತ್ರ ಬೇರೆ ಇಲ್ಲವಂತೆ. ಡಿಸೆಂಬರಿನ ಸಮ್ಮೇಳನದಲ್ಲಿ ಅದನ್ನೇ ಮೊದಲು ತೋರಿಸುತ್ತಾರೆ. ಹೆಸರಿಲ್ಲ. ನಲವತ್ತೆಂಟು ವರ್ಷದ ಹೆಂಗಸು ಎಂದಷ್ಟೇ ಇರುತ್ತದೆ. ಗೆರೆ ಎಳೆದು ಕೊಡು ಎಂದು ನನಗೇ ಹೇಳಿದರು. ಎಳೆದು ಕೊಟ್ಟೆ.

ಒಂದು ವಿಷಯ ಕೇಳಬೇಕು. ಆಗಸ್ಟ್ ಇಪ್ಪತ್ತೆಂಟರಂದು ನಾನು ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಕಾಗದ ಹಾಕಿದ್ದೆ. ಮನೆಯಲ್ಲೆಲ್ಲೂ ನಾನು ಅದನ್ನು ಕಾಣಲಿಲ್ಲ. ಬಂದಿಲ್ಲವಾದರೆ ಒಳ್ಳೆಯದೇ ಆಯಿತು. ಇನ್ನು ಮುಂದೆ ಬಂದರೆ ಓದದೆ ಹರಿದು ಹಾಕಿ. ಅದರಲ್ಲಿ ನಿಮ್ಮ ಮಾತೊಂದನ್ನು ಬರೆದಿದ್ದೇನೆ. ತಪ್ಪು ನನ್ನದು, ಆ ಮಾತಿನದ್ದಲ್ಲ.

ನಿಮ್ಮ
ಗಿರಿಜಾ


ರಾಜಾಜಿನಗರ, ಬೆಂಗಳೂರು-10
9 ನವೆಂಬರ್ 1986

ಮಗಳು ಗಿರಿಜೆಗೆ,

ನೀನು ಕೇಳಿದ ಕಾಗದ ಬಂದಿತ್ತು. ನೀನು ಮನೆಗೆ ಬಂದ ದಿನ ಮಧ್ಯಾಹ್ನವೇ ಪೋಸ್ಟ್‌ಮ್ಯಾನ್ ಕೊಟ್ಟು ಹೋದ. ನೀನು ಒಳಗೆ ಅವಳ ಸೀರೆಗಳನ್ನು ಮಡಿಸುತ್ತಾ ಕೂತಿದ್ದೆ. ಬರೆದವಳೇ ಮನೆಯಲ್ಲಿರುವಾಗ ಒಡೆದು ಓದುವುದೇನು, ತಾನೇ ಹೇಳುತ್ತಾಳೆ ಎಂದು ಟೂಲ್ ಬಾಕ್ಸಿನಲ್ಲಿಟ್ಟೆ. ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹರಿದು ಹಾಕಿ ಎಂದು ನೀನು ಬರೆದ ಮೇಲೆ ತೆಗೆದು ಓದಿದೆ. ಹರಿದಿಲ್ಲ.

ಆ ಮಾತು ನನ್ನದೇ. ಮೂವತ್ತು ವರ್ಷ ಗೇಜ್ ರೂಮಿನಲ್ಲಿ ದಿನಕ್ಕೆ ಹತ್ತು ಸಲ ಹೇಳಿದ್ದೇನೆ, ಕಬ್ಬಿಣದ ಮಟ್ಟಿಗೆ ಅದು ಇವತ್ತಿಗೂ ಸರಿ. ಅವಳು ಕಬ್ಬಿಣವಲ್ಲ ಎಂಬುದು ನನಗೆ ಹೊಳೆಯಬೇಕಾಗಿತ್ತು. ನಿನಗೆ ಅಳೆಯಲು ಕಲಿಸಿದವನು ನಾನು, ತಪ್ಪು ಎಲ್ಲಿಂದ ಬಂತೆಂದು ನೀನು ಬೇರೆ ಕಡೆ ಹುಡುಕಬೇಡ.

ಆ ಶನಿವಾರದ್ದನ್ನು ನಿನಗೆ ಹೇಳಿರಲಿಲ್ಲ. ಸೈರನ್ ಆಗಿ ಹತ್ತು ನಿಮಿಷವಾದರೂ ಗೇಟಿನಲ್ಲಿ ಅವಳಿಲ್ಲ. ನನಗೆ ಸಿಟ್ಟು ಬಂದಿತ್ತು. ಏನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ನಿಂತಿದ್ದೆ. ಅಷ್ಟರಲ್ಲಿ ಗುರುಬಸಪ್ಪನವರ ಮಗ ಸೈಕಲ್ಲಿನಲ್ಲಿ ಬಂದ. ನಾನು ಹೋಗುವಾಗ ಆ ದಾರಿಯಲ್ಲೇ ಮನೆಯಿರುವ ಹನುಮಕ್ಕನ ಮಡಿಲಲ್ಲಿ ಅವಳ ತಲೆ ಇತ್ತು. ಕ್ಯಾರಿಯರ್ ಮಗುಚಿರಲಿಲ್ಲ, ನೆಟ್ಟಗೆ ಇಟ್ಟು ಆಮೇಲೆ ಕೂತಿದ್ದಾಳೆ.

ತಿಥಿಯೆಲ್ಲ ಮುಗಿದು ನೀನು ಹೋದ ಮೇಲೆ ಒಂದು ಭಾನುವಾರ ನಾನು ಆ ದಾರಿ ನಡೆದೆ. ಅವಳು ಹೊರಡುತ್ತಿದ್ದ ಹನ್ನೊಂದಕ್ಕೇ ಹೊರಟೆ. ಸಾಲಾಗಿ ಎಲ್ಲ ಗೇಟುಗಳಲ್ಲೂ ನಿಂತು ಕೇಳಿದೆ. ಗುರುಬಸಪ್ಪನವರು ಹೇಳಿದರು, 'ನಮ್ ಗೇಟ್ ಹಿಡ್ಕೊಂಡು ಹುಣಸೆಹಣ್ಣು ಹೆಂಗೆ ಅಂತ ಕೇಳೋರು ಸಾರ್. ನಾನು ಹೇಳಿ ಮುಗಿಸೋದ್ರೊಳಗೆ ಮುಂದಕ್ಕೆ ಹೋಗಿರೋರು.' ಹನುಮಕ್ಕ ಹೇಳಿದಳು, 'ಮಾತೇನೂ ಆಡ್ತಿರಲಿಲ್ಲ ಕಣಣ್ಣ. ನಂಗೇ ಮಾತಾಡು ಅನ್ನೋರು. ಕಣ್ಣು ಮುಚ್ಕೊಂಡು ಕೇಳಿಸ್ಕೊಳ್ಳೋರು.' ಪಟಾಲಮ್ಮನ ಗುಡಿಯ ಕಟ್ಟೆಯ ಹತ್ತಿರ ಹೂವಿನ ಅಣ್ಣಮ್ಮ, 'ದಿನಾ ಕ್ಯಾರಿಯರ್‌ನ ಸೆರಗಲ್ಲಿ ಸುತ್ಕೊಂಡು ಕೂರೋರು, ಆರ್ತದೆ ಆರ್ತದೆ ಅನ್ನೋರು' ಎಂದಳು.

ಯಾರಿಗೇ ಆದರೂ ಅವಳು ಟೀವಿಯ ಕಥೆ ಹೇಳಿದ್ದು ಒಂದು ಸಲ ಮಾತ್ರ. ಮಿಕ್ಕ ದಿನವೆಲ್ಲ ಉಸಿರಿಗೆ ನಿಂತದ್ದು.

ಒಬ್ಬೊಬ್ಬರನ್ನೂ ಯಾವಾಗಿನಿಂದ ಎಂದು ಕೇಳಿ ಬರೆದುಕೊಂಡೆ. ಗುರುಬಸಪ್ಪನವರ ಗೇಟು, ನಾವು ಬೊಂಬಾಯಿಂದ ಬಂದ ವಾರದಿಂದ. ಇನ್ನೆರಡು, ಯುಗಾದಿಯ ಹೊತ್ತಿಗೆ. ಹನುಮಕ್ಕನದು ಮತ್ತು ಗುಡಿಯ ಕಟ್ಟೆ, ಮಳೆ ಹಿಡಿದ ಮೇಲೆ. ಕೊನೆಯ ಎರಡು, ವರಮಹಾಲಕ್ಷ್ಮಿ ಹಬ್ಬವಾದ ಮೇಲೆ. ಒಟ್ಟು ಏಳು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಹೆಜ್ಜೆಗಳನ್ನು ಎಣಿಸಿದ್ದೇನೆ. ಹನುಮಕ್ಕನ ಮನೆಯ ಹತ್ತಿರ ನಲವತ್ತೇ ಹೆಜ್ಜೆಗೆ ಒಂದು ಗೇಟು ಬರುತ್ತದೆ. ನಿನ್ನ ಮೆಷಿನ್ನು ಅರ್ಧ ಗಂಟೆ ಕಂಡದ್ದು ಈ ಬೀದಿಯಲ್ಲಿ ಆರು ತಿಂಗಳು ದಿನಾ ಕಾಣುತ್ತಿತ್ತು. ನೋಡಬೇಕಾದವನು ಗೇಟಿನಲ್ಲಿ ಗಡಿಯಾರ ನೋಡಿಕೊಂಡು ನಿಂತಿದ್ದ.

ನೀನು ಒಬ್ಬಳೇ ತಪ್ಪು ಮಾಡಿದೆ ಎಂದು ಬರೆದಿದ್ದೀಯ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಇದರಲ್ಲಿ ಸಮಾಧಾನವೂ ಇಲ್ಲ. ಈಗ ಕ್ಯಾಂಟೀನಿನಲ್ಲಿ ತಿನ್ನುತ್ತೇನೆ. ಹೊಟ್ಟೆ ಕೆಡಲಿಲ್ಲ. ಅದೇ ಸಂಕಟ. ಈ ಊಟ ಇಪ್ಪತ್ತೆರಡು ವರ್ಷದಿಂದಲೂ ಅಲ್ಲೇ ಇತ್ತು.

ನನ್ನ ಹಳೆಯ ಕಾಗದಗಳನ್ನು ನೀನು ಇಟ್ಟುಕೊಂಡಿದ್ದರೆ ಹರಿಯಬೇಡ. ಮುದ್ದೆ ಯಾವಾಗಿನಿಂದ ಆರಿ ಬರತೊಡಗಿತು, ಎಷ್ಟು ನಿಮಿಷ ತಡವಾಗುತ್ತಿತ್ತು ಎಂದು ಅದರಲ್ಲಿ ನಾನೇ ಬರೆದಿದ್ದೇನೆ, ತಾರೀಖು ಹಾಕಿ ಸಹಿ ಮಾಡಿ.

ನಿನ್ನ ಅಪ್ಪ
ನಾರಾಯಣಪ್ಪ